ಗಡ್ಡ ತೆಗೆಯುವುದೂ ಒಂದು ಆರೈಕೆ
(ಸೇಫ್ಟಿ ರೇಜರ್ ಮತ್ತು ಬ್ರಶ್ ಬಳಸಲು ಕಲಿಯುವ ಪಾಠ – ಸ್ವಸಹಾಯ ಸಂಘಗಳಿಗೆ ಹಾಗೂ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ)



ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಪೋಪ್ ಎರಡನೇ ಜಾನ್ ಪಾಲ್‌ರವರು 1992ರಲ್ಲಿ ಇದನ್ನು ಘೋಷಿಸಿದರು. 1993ರಿಂದ ಆಚರಣೆ ನಡೆದು ಬಂದಿದೆ. ಆ ದಿನ ನಾವು ರೋಗಿಗಳ ಮನೆಗೆ ಹೋಗುತ್ತೇವೆ, ಪ್ರಾರ್ಥಿಸುತ್ತೇವೆ, ಹಣ್ಣು ಕೊಡುತ್ತೇವೆ, ಬರುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಆ ರೋಗಿಯ ಮುಖದ ಮೇಲೆ ಎಷ್ಟು ವಾರದ ಗಡ್ಡ ಇದೆ, ಅದನ್ನು ಯಾರು ತೆಗೆಯುತ್ತಾರೆ ಎಂದು ನಾವು ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಮಾಚೇನಹಳ್ಳಿಯ ಒಬ್ಬ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ ಈ ಪಾಠ ಹುಟ್ಟಿತು.

ಅಮ್ಮ ಕೇಳಿದ ಪ್ರಶ್ನೆ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ನಿಮಗೆಲ್ಲ ಗೊತ್ತು. ಕೈಗಾರಿಕಾ ಪ್ರದೇಶ, ಹಾಲಿನ ಡೇರಿ, ಪೊಲೀಸ್ ಮೀಸಲು ಪಡೆಯ ವಸತಿ ಎಲ್ಲ ಇರುವ ಜಾಗ. ಅಲ್ಲಿ ಸಂಘದ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬ ಅಮ್ಮ ಹಿಂದೆ ಉಳಿದರು.

"ಸಿಸ್ಟರ್, ನಮ್ಮನೆಯವ್ರಿಗೆ ಗಡ್ಡ ತೆಗೆಸೋದೇ ದೊಡ್ಡ ಕೆಲ್ಸ ಆಗಿದೆ. ಅಂಗಡಿಗೆ ಕರ್ಕೊಂಡು ಹೋಗಕ್ಕಾಗಲ್ಲ. ಮನೆಗೆ ಬರೋರು ಒಂದ್ಸಲ ಬಂದ್ರೆ ಇನ್ನೊಂದ್ಸಲ ಬರಲ್ಲ. ಮೊಮ್ಮಗಳು ತಾತನ ಹತ್ರ ಹೋಗಕ್ಕೇ ಹೆದರ್ತಾಳೆ."

"ನೀವೇ ತೆಗೀಬಹುದಲ್ಲಮ್ಮಾ?" ಅಂದೆ.

"ಬ್ಲೇಡು ಕಂಡ್ರೆ ನಂಗೆ ಭಯ. ನಿಮ್ಗೆ ಬರುತ್ತಾ ಸಿಸ್ಟರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ್ದೇನೆ. ರೋಗಿಯ ಘನತೆ ಎಂಬ ವಿಷಯದ ಮೇಲೆ ಎಷ್ಟೋ ತರಬೇತಿ ಕೊಟ್ಟಿದ್ದೇನೆ. ಐವತ್ತು ದಾಟಿದ ಮೇಲೂ ಒಂದು ರೇಜರ್ ಹಿಡಿದು ನೋಡಿದವಳಲ್ಲ. ಅವರ ಯಜಮಾನರು ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತರಾದವರು. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಮುಖದ ಎಡಭಾಗಕ್ಕೂ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಮಾತು ಸ್ವಲ್ಪ ತೊದಲಿದರೂ ಅರ್ಥವಾಗುತ್ತಿತ್ತು. ಫಸ್ಟ್ ಶಿಫ್ಟಿಗೆ ಹೋಗುವಾಗಲೂ ಗಡ್ಡ ತೆಗೆಯದೆ ಮನೆ ಬಿಟ್ಟವರಲ್ಲವಂತೆ. ಈಗ ಯಾರಾದರೂ ನೋಡಲು ಬಂದರೆ ಗೋಡೆ ಕಡೆಗೆ ತಿರುಗಿ ಮಲಗಿಬಿಡುತ್ತಿದ್ದರು.

ಆದಿಕಾಂಡದ 41ನೇ ಅಧ್ಯಾಯ ಓದಿದವರಿಗೆ ನೆನಪಿರಬಹುದು. ಫರೋಹನು ಕರೆ ಕಳಿಸಿದಾಗ ಜೋಸೆಫನು ಸೆರೆಮನೆಯಿಂದ ನೇರವಾಗಿ ಹೋಗಲಿಲ್ಲ. ಕ್ಷೌರ ಮಾಡಿಸಿಕೊಂಡು, ಬಟ್ಟೆ ಬದಲಿಸಿ ಹೋದ. ಮನುಷ್ಯ ಮನುಷ್ಯರ ಎದುರು ತಲೆಯೆತ್ತಿ ನಿಲ್ಲಲು ಇಷ್ಟು ಬೇಕಾಗುತ್ತದೆ. ಹಾಸಿಗೆ ಹಿಡಿದವರಿಗೂ ಅದು ಬೇಕು.

ಸೇಫ್ಟಿ ರೇಜರ್ ಅಂದರೆ ಏನು?

ಕ್ಷೌರದಂಗಡಿಯ ಹಳೆಯ ಕತ್ತಿಯನ್ನು ಸಾಣೆ ಹಿಡಿದು ಬಳಸಬೇಕು. ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಅಲಗಿನ ಸ್ವಲ್ಪ ಭಾಗ ಮಾತ್ರ ಚರ್ಮಕ್ಕೆ ತಾಕುವಂತೆ ಅಡ್ಡ ಕಟ್ಟಿದರೆ ಅದೇ ಸೇಫ್ಟಿ ರೇಜರ್. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬುವರು ಇದಕ್ಕೆ ತೆಳುವಾದ, ಎರಡೂ ಬದಿ ಹರಿತವಿರುವ, ಸವೆದ ಮೇಲೆ ಬಿಸಾಡುವ ಬ್ಲೇಡನ್ನು ಜೋಡಿಸಿದರು. 1903ರಲ್ಲಿ ಮಾರಾಟ ಶುರುವಾದಾಗ ಆ ಇಡೀ ವರ್ಷ ಹೋದದ್ದು 51 ರೇಜರ್, 168 ಬ್ಲೇಡು ಮಾತ್ರ. 1904ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸರ್ಕಾರವೇ ರೇಜರ್ ಕೊಟ್ಟಿತು. ಅವರು ಅದನ್ನು ಮನೆಗೂ ತಂದರು. ಹೀಗೆ ಗಡ್ಡ ತೆಗೆಯುವುದು ಮನೆಯಲ್ಲೇ ಮಾಡಿಕೊಳ್ಳುವ ಕೆಲಸವಾಯಿತು.

ಬ್ಲೇಡಿನ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಮೊದಲು ಬರುತ್ತಿದ್ದವು ಬೇಗ ತುಕ್ಕು ಹಿಡಿಯುತ್ತಿದ್ದವು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡುಗಳು 1960ರ ದಶಕದಲ್ಲಿ ಬಳಕೆಗೆ ಬಂದವು. 1923ರಿಂದ ಕಬ್ಬಿಣದ ಕಾರ್ಖಾನೆ ಕಂಡ ಭದ್ರಾವತಿಯವರಿಗೆ ಈ ಎರಡು ಉಕ್ಕಿನ ವ್ಯತ್ಯಾಸ ನಾನು ಹೇಳಿಕೊಡಬೇಕಾಗಿಲ್ಲ.

ಬ್ರಶ್ಶಿಗೂ ಒಂದು ಕಥೆ ಇದೆ. ಅದೇ ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಶ್ಶುಗಳಿಂದ ಅಂಥ್ರಾಕ್ಸ್, ಅಂದರೆ ದನಕರುಗಳಿಗೆ ಬರುವ ನೆರಡಿ ರೋಗ, ಗಡ್ಡ ತೆಗೆದುಕೊಂಡ ಜನರಿಗೆ ತಗುಲಿತ್ತು. ಆದ್ದರಿಂದ ನಾವು ನೈಲಾನ್ ಎಳೆಯ ಸಾದಾ ಬ್ರಶ್ ತಗೊಂಡರೆ ಸಾಕು. ತೊಳೆಯಲು ಸುಲಭ, ಬೇಗ ಒಣಗುತ್ತದೆ.

ಬ್ರಶ್ ಯಾಕೆ ಬೇಕು, ಕೈಯಲ್ಲೇ ಸೋಪು ಹಚ್ಚಬಾರದೇ ಅಂತ ಕೇಳಬಹುದು. ಬ್ರಶ್ ಸುತ್ತಿಸಿದಾಗ ಮಲಗಿರುವ ಕೂದಲು ಎದ್ದು ನಿಲ್ಲುತ್ತದೆ, ನೊರೆ ಬುಡದವರೆಗೆ ಹೋಗುತ್ತದೆ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಒಣ ಕೂದಲು ಬ್ಲೇಡಿಗೆ ಎದುರು ನಿಲ್ಲುತ್ತದೆ. ನಾವು ಒತ್ತುತ್ತೇವೆ, ಗಾಯವಾಗುತ್ತದೆ.

ನಾನು ಕಲಿತದ್ದು, ತಪ್ಪಿದ್ದು

ಅಂಗಡಿಯಲ್ಲಿ ರೇಜರ್, ಬ್ರಶ್, ಸೋಪು, ಐದು ಬ್ಲೇಡಿನ ಒಂದು ಪೊಟ್ಟಣ ಕೇಳಿದೆ. ಅಂಗಡಿಯವರು ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು. "ಫಾದರ್‌ಗಾ ಸಿಸ್ಟರ್?" ಅಂದರು. "ಇಲ್ಲ, ಬಲೂನಿಗೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಕ್ಷೌರ ಕಲಿಯುವವರು ಬಲೂನಿನ ಮೇಲೆ ಅಭ್ಯಾಸ ಮಾಡುವುದುಂಟು. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ನೊರೆಯನ್ನು ರೇಜರಿನಿಂದ ತೆಗೆಯಬೇಕು. ನನ್ನ ಮೊದಲ ಮೂರು ಬಲೂನು ಒಡೆದವು. ಕಾನ್ವೆಂಟಿನ ಸಿಸ್ಟರುಗಳು ಓಡಿ ಬಂದರು. ನಾಲ್ಕನೆಯದು ಉಳಿಯಿತು. ಕೈ ಭಾರ ಬಿಡಬಾರದು ಎಂಬುದು ಅಲ್ಲಿ ಗೊತ್ತಾಯಿತು.

ಧೈರ್ಯ ಬಂತು ಅಂತ ಮಾಚೇನಹಳ್ಳಿಗೆ ಹೋದೆ. ಬಲ ಕೆನ್ನೆ ಚೆನ್ನಾಗಿ ಆಯಿತು. ಎಡಗಡೆ ಗದ್ದದ ಹತ್ತಿರ ಚರ್ಮ ಸಡಿಲವಾಗಿತ್ತು, ನಾನು ಎಳೆದು ಹಿಡಿಯಲಿಲ್ಲ. ನೊರೆಯಲ್ಲಿ ಕೆಂಪು ಕಂಡಾಗ ನನಗೆ ಗಾಬರಿ. ಅವರು ಸುಮ್ಮನೆ ಕೂತಿದ್ದರು. ಆ ಕಡೆ ನೋವೇ ಗೊತ್ತಾಗಿರಲಿಲ್ಲ. ಚಿಕ್ಕ ಗಾಯವೇ ಆದರೂ ರಕ್ತ ಬೇಗ ನಿಲ್ಲಲಿಲ್ಲ. ಹತ್ತಿ ಒತ್ತಿ ಹಿಡಿದುಕೊಂಡೇ ಅಮ್ಮನನ್ನು ಕೇಳಿದೆ, "ಯಾವ ಮಾತ್ರೆ ಕೊಡ್ತಿದ್ದೀರಿ?" ಲಕ್ವ ಆದವರಿಗೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ ಅದರಲ್ಲಿತ್ತು. ಆ ಪ್ರಶ್ನೆಯನ್ನು ನಾನು ಬ್ಲೇಡು ಹಿಡಿಯುವ ಮೊದಲು ಕೇಳಬೇಕಿತ್ತು. ತಪ್ಪು ನನ್ನದೇ. ಅವತ್ತು ಅಲ್ಲಿಗೇ ನಿಲ್ಲಿಸಿದೆವು. ಅರ್ಧ ಗಡ್ಡ ತೆಗೆದ ಮುಖದಲ್ಲೇ ಅವರು ಹೇಳಿದರು: "ಒತ್ಬೇಡಿ ಸಿಸ್ಟರ್. ಅದ್ರ ಪಾಡಿಗೆ ಅದು ಹೋಗ್ಲಿ." ನಾನು ಕಲಿಸಲು ಹೋದವಳು. ಆದರೆ ನಲವತ್ತು ವರ್ಷ ಆ ಕೆಲಸ ಮಾಡಿದವರು ಅವರು.

ಅವರ ವೈದ್ಯರನ್ನು ಕೇಳಿ, ಹಗುರ ಕೈಯಲ್ಲಿ ಮಾಡಬಹುದು ಎಂದು ಒಪ್ಪಿಗೆ ಸಿಕ್ಕ ಮೇಲೆಯೇ ಮತ್ತೆ ಶುರು ಮಾಡಿದೆವು.

ಬ್ಲೇಡು ಹಿಡಿಯುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ

1. ಯಾವ ಮಾತ್ರೆ ತಗೊಳ್ತಿದ್ದಾರೆ? ರಕ್ತ ತೆಳು ಮಾಡುವ ಮಾತ್ರೆ ಇದ್ದರೆ, ರಕ್ತ ಬೇಗ ನಿಲ್ಲದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಬ್ಲೇಡು ಬೇಡ. ಅಂಥವರಿಗೆ ವಿದ್ಯುತ್ ಶೇವರ್ ಅಥವಾ ಟ್ರಿಮ್ಮರ್ ಮೇಲು. ಆದರೆ ಆಮ್ಲಜನಕ ಹಾಕಿಕೊಂಡಿರುವವರ ಹತ್ತಿರ ವಿದ್ಯುತ್ ಶೇವರ್ ಬಳಸಬೇಡಿ.

2. ಮುಖದಲ್ಲಿ ಹುಣ್ಣು, ಗುಳ್ಳೆ, ಎದ್ದು ನಿಂತ ಮಚ್ಚೆ ಇದೆಯೇ? ಎಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ? ಸಕ್ಕರೆ ಕಾಯಿಲೆ ಇದೆಯೇ? ಇದ್ದರೆ ಚಿಕ್ಕ ಗಾಯವನ್ನೂ ಅಲಕ್ಷ್ಯ ಮಾಡಬಾರದು.

3. ಅವರಿಗೆ ಇಷ್ಟ ಇದೆಯೇ? ಮೀಸೆ ಬಿಡಬೇಕೇ, ಕೃತಾ ಎಲ್ಲಿಯವರೆಗೆ? ಇದನ್ನು ಮನೆಯವರನ್ನು ಕೇಳಬೇಡಿ, ಅವರನ್ನೇ ಕೇಳಿ. ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟವರೂ ಇರುತ್ತಾರೆ. ಅನುಕೂಲ ಅಂತ ನಾವು ಅದನ್ನು ತೆಗೆದುಬಿಡುವಂತಿಲ್ಲ.

ಮಾಡುವ ಕ್ರಮ

1. ಕೂರಿಸುವುದು: ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಿಸಿ. ಬೆಳಕು ಮುಖದ ಮೇಲೆ ಬೀಳಲಿ. ಹಲ್ಲಿನ ಸೆಟ್ ಇದ್ದರೆ ಹಾಕಿಸಿ, ಕೆನ್ನೆ ಒಳಗೆ ಹೋಗುವುದಿಲ್ಲ. ಕುತ್ತಿಗೆಗೆ ಟವೆಲ್ ಕಟ್ಟಿ. ನಿಮ್ಮ ಕೈ ಸೋಪು ಹಾಕಿ ತೊಳೆಯಿರಿ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ.

2. ನೆನೆಸುವುದು: ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಇಡಿ. ಬಿಸಿ ಎಷ್ಟಿದೆ ಎಂದು ಮೊದಲು ನಿಮ್ಮ ಮುಂಗೈ ಮೇಲೆ ನೋಡಿ. ಸ್ಪರ್ಶ ತಪ್ಪಿದ ಕಡೆ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಗಡ್ಡ ಬಹಳ ಉದ್ದ ಇದ್ದರೆ ಮೊದಲು ಕತ್ತರಿಯಿಂದ ಸಣ್ಣ ಮಾಡಿ.

3. ನೊರೆ: ಬ್ರಶ್ಶನ್ನು ನೀರಲ್ಲಿ ನೆನೆಸಿ, ಒಮ್ಮೆ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ಸುತ್ತಿಸಿ. ಆಮೇಲೆ ಮುಖದ ಮೇಲೆ ಸುತ್ತಿಸುತ್ತಾ ಹಚ್ಚಿ. ನೊರೆ ಮೊಸರಿನಂತೆ ದಪ್ಪಗಿರಬೇಕು. ನೀರಾಗಿ ಇಳಿದರೆ ಸೋಪು ಕಮ್ಮಿ, ಒಣಗಿ ಹಿಡಿದರೆ ನೀರು ಕಮ್ಮಿ.

4. ಬ್ಲೇಡು ಹಾಕುವುದು: ರೇಜರನ್ನು ಬಿಚ್ಚಿದರೆ ಹಿಡಿ, ತಟ್ಟೆ, ಮುಚ್ಚಳ ಎಂದು ಮೂರು ಭಾಗ. ಬ್ಲೇಡನ್ನು ಹರಿತವಿಲ್ಲದ ಎರಡು ತುದಿಗಳಲ್ಲಿ ಮಾತ್ರ ಹಿಡಿಯಿರಿ. ಮುಚ್ಚಳದ ಮೇಲಿಟ್ಟು, ತಟ್ಟೆ ಕೂರಿಸಿ, ಹಿಡಿಯನ್ನು ಬಿಗಿ ಮಾಡಿ. ಎರಡೂ ಬದಿ ಬ್ಲೇಡು ಸಮನಾಗಿ ಕಾಣಬೇಕು.

5. ಎಳೆಯುವುದು: ಹಿಡಿಯನ್ನು ಚರ್ಮದಿಂದ ಓರೆಯಾಗಿ ಹಿಡಿಯಿರಿ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಇರಬೇಕು. ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿಯಿರಿ. ಕೂದಲು ಬೆಳೆದ ದಿಕ್ಕಿಗೇ ಸಣ್ಣ ಸಣ್ಣದಾಗಿ ಎಳೆಯಿರಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಅಡ್ಡಕ್ಕೆ ಜಾರಿಸಬೇಡಿ, ಗಾಯ ಆಗುವುದೇ ಹಾಗೆ. ಎರಡು ಸಲ ಎಳೆದ ಮೇಲೆ ನೀರಲ್ಲಿ ಅಲ್ಲಾಡಿಸಿ ನೊರೆ ಬಿಡಿಸಿ. ಮೊದಲು ಕೆನ್ನೆ, ಆಮೇಲೆ ಕುತ್ತಿಗೆ, ಕೊನೆಗೆ ಗದ್ದ ಮತ್ತು ತುಟಿಯ ಮೇಲೆ. ಅಲ್ಲಿನ ಕೂದಲು ಗಟ್ಟಿ, ಹೆಚ್ಚು ಹೊತ್ತು ನೆನೆಯಲಿ.

6. ಕೊನೆಗೆ: ತಣ್ಣೀರಲ್ಲಿ ಒರೆಸಿ, ಮೆತ್ತಗೆ ಒತ್ತಿ ಒಣಗಿಸಿ. ಗಾಯವಾದರೆ ಶುದ್ಧ ಹತ್ತಿಯಿಂದ ಬಿಡದೆ ಒತ್ತಿ ಹಿಡಿಯಿರಿ. ಪಟಿಕ (ಸ್ಪಟಿಕ ಅಂತಲೂ ಹೇಳುತ್ತಾರೆ) ಬಳಸುವುದಾದರೆ ಅದೂ ಅವರದ್ದೇ ಪ್ರತ್ಯೇಕ ತುಂಡು ಆಗಿರಲಿ. ಹದಿನೈದು ನಿಮಿಷವಾದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ತೋರಿಸಿ.

ರೇಜರ್ ಬಿಚ್ಚಿ ತೊಳೆದು ಒಣಗಿಸಿ. ಬ್ಲೇಡನ್ನು ಬಟ್ಟೆಯಲ್ಲಿ ಒರೆಸಬೇಡಿ, ಕೊಡವಿದರೆ ಸಾಕು. ಬ್ರಶ್ಶಿನ ಸೋಪೆಲ್ಲ ಹೋಗುವಂತೆ ತೊಳೆದು, ಗಾಳಿಯಾಡುವ ಕಡೆ ಎಳೆ ಕೆಳಮುಖವಾಗಿ ತೂಗು ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬ್ರಶ್ಶನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಒಂದು ಬ್ಲೇಡು ನಾಲ್ಕೈದು ಸಲಕ್ಕೆ ಬರುತ್ತದೆ. ಮೂರು ದಿನಕ್ಕೊಮ್ಮೆ ತೆಗೆದರೆ ತಿಂಗಳಿಗೆ ಹತ್ತು ಸಲ, ಎರಡು ಮೂರು ಬ್ಲೇಡು ಸಾಕು. ಕೂದಲು ಎಳೆದಂತೆ ಆದರೆ ಉಳಿತಾಯ ನೋಡದೆ ಬದಲಿಸಿ.

ಒಬ್ಬರಿಗೆ ಒಂದೇ ರೇಜರ್

ಇದೇ ಮಾಚೇನಹಳ್ಳಿಯ ಸುತ್ತಮುತ್ತ ಕಾರ್ಖಾನೆ ಕೆಲಸಕ್ಕೆ ಬಂದ ಹುಡುಗರು ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಾರೆ. ಒಂದು ಕೋಣೆಯಲ್ಲಿ ಕಿಟಕಿ ಮೇಲೆ ಒಂದು ಮಗ್, ಅದರಲ್ಲಿ ಒಂದೇ ರೇಜರ್ ನೋಡಿದೆ. "ಇದು ಯಾರದ್ದಪ್ಪ?" ಅಂದರೆ "ಎಲ್ಲಾರ್ದೂ ಸಿಸ್ಟರ್" ಅಂದರು. ಅನ್ನ ಹಂಚಿಕೊಳ್ಳಿ, ಹಾಸಿಗೆ ಹಂಚಿಕೊಳ್ಳಿ. ರೇಜರ್ ಮಾತ್ರ ಬೇಡ.

ಕಾರಣ ಇಷ್ಟೇ. ಗಡ್ಡ ತೆಗೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಆ ರಕ್ತ ಬ್ಲೇಡಿಗೆ ಅಂಟುತ್ತದೆ. ಯಕೃತ್ತಿಗೆ ತೊಂದರೆ ಮಾಡುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕಡೇಪಕ್ಷ ಏಳು ದಿನ ಜೀವಂತ ಇರಬಲ್ಲದು. ಬ್ಲೇಡು ತೊಳೆದ ಹಾಗೆ ಕಂಡರೂ ಸೋಂಕು ಹೋಗಿರುವುದಿಲ್ಲ. ಹೆಪಟೈಟಿಸ್ ಸಿ, ಹುಳುಕಡ್ಡಿಯಂಥ ಚರ್ಮರೋಗ ಕೂಡ ಹೀಗೆ ಹರಡಬಹುದು. ಎಚ್.ಐ.ವಿ. ಕೂಡ ರಕ್ತದಿಂದ ಹರಡುವಂಥದ್ದು. ಆದರೆ ಎಚ್.ಐ.ವಿ. ಇರುವವರ ಜೊತೆ ಊಟ ಮಾಡಿದರೆ, ಕೈ ಹಿಡಿದರೆ, ಒಂದೇ ಮನೆಯಲ್ಲಿದ್ದರೆ ಹರಡುವುದಿಲ್ಲ. ಅವರನ್ನು ದೂರ ಇಡುವುದಕ್ಕೆ ಇದನ್ನು ನೆಪ ಮಾಡಬೇಡಿ.

ಹೆಪಟೈಟಿಸ್ ಬಿ ತಡೆಯಲು ಲಸಿಕೆ ಇದೆ. ಮಕ್ಕಳಿಗೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಕೊಡುತ್ತಾರೆ. ಇದು ದೇಶದಾದ್ಯಂತ ವಿಸ್ತರಿಸಿದ್ದು 2011ರ ಸುಮಾರಿಗೆ. ಅಂದರೆ ಇಂದಿನ ದೊಡ್ಡವರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಅದು ಸಿಕ್ಕಿರಲಿಕ್ಕಿಲ್ಲ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತ ಪರೀಕ್ಷೆ, ಚಿಕಿತ್ಸೆಯ ವ್ಯವಸ್ಥೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಕ್ಷೌರಿಕ ಬಂಧುಗಳ ಬಗ್ಗೆ ಎರಡು ಮಾತು

ಈ ಪಾಠ ಕ್ಷೌರದಂಗಡಿಗೆ ಹೋಗಬೇಡಿ ಎಂದು ಹೇಳುತ್ತಿಲ್ಲ. ಹಡಪದ ಅಪ್ಪಣ್ಣನಂಥ ಶರಣರನ್ನು ನೆನೆಯುವ ಸಮಾಜ ಅದು. ಅವರ ಬದುಕು ಆ ಕಸುಬಿನ ಮೇಲಿದೆ. ಅಂಗಡಿಗೆ ಹೋದಾಗ "ಅಣ್ಣಾ, ಹೊಸ ಬ್ಲೇಡು ನನ್ನೆದುರಿಗೇ ಹಾಕಿ" ಎಂದು ಕೇಳಿ. ಅದು ಅವರ ಆರೋಗ್ಯಕ್ಕೂ ಒಳ್ಳೆಯದು. ಹಾಸಿಗೆ ಹಿಡಿದವರ ಮನೆಗೆ ಬಂದವರಿಗೆ ಓಡಾಟದ ಖರ್ಚನ್ನೂ ಸೇರಿಸಿ ಕೊಡಿ. ಒಮ್ಮೆ ಬಂದವರು ಮತ್ತೆ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಎಷ್ಟೋ ಸಲ ನಮ್ಮ ಕೈಯಲ್ಲೇ ಇರುತ್ತದೆ.

ಇನ್ನೊಂದು ಮಾತು. ನಮ್ಮ ರಾಜ್ಯದ ಕೆಲವು ಹಳ್ಳಿಗಳಲ್ಲಿ ಜಾತಿಯ ಕಾರಣಕ್ಕೆ ದಲಿತ ಬಂಧುಗಳಿಗೆ ಕ್ಷೌರ ನಿರಾಕರಿಸಿದ ಪ್ರಕರಣಗಳು ಈಚಿನ ವರ್ಷಗಳಲ್ಲೂ ನಡೆದಿವೆ. ಕೆಲವೆಡೆ ಕ್ಷೌರ ಮಾಡಿದವರ ಮೇಲೆಯೇ ಊರಿನವರು ಒತ್ತಡ ಹಾಕಿದ್ದಾರೆ. ಅಂಥಲ್ಲಿ "ಮನೆಯಲ್ಲೇ ರೇಜರ್ ಇಟ್ಕೊಳ್ಳಿ" ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಹಾಗೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ರೇಜರ್ ಇರಬೇಕಾದದ್ದು ನಮ್ಮ ಇಷ್ಟದಿಂದ, ಅಂಗಡಿಯ ಬಾಗಿಲು ಮುಚ್ಚಿತು ಅಂತ ಅಲ್ಲ.

ಹಳೆ ಬ್ಲೇಡು ಎಲ್ಲಿಗೆ?

ಕಸದ ಚೀಲಕ್ಕೆ ಬಿಡಿ ಬ್ಲೇಡು ಹಾಕಿದರೆ ಅದನ್ನು ಮೊದಲು ಮುಟ್ಟುವುದು ಪೌರಕಾರ್ಮಿಕರ ಕೈ. ಕಸ ಆಯುವ ತಾಯಂದಿರ ಕೈ. ದನಕರು ಬಾಯಿ ಹಾಕುವುದೂ ಅದಕ್ಕೇ. ಒಂದು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ, ಮುಚ್ಚಳವನ್ನು ಅಂಟಿಸಿಬಿಡಿ. ಹಳೆ ಬ್ಲೇಡನ್ನು ಅದರೊಳಗೆ ಹಾಕುತ್ತಾ ಬನ್ನಿ. ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದ ಮೇಲೆ ಸೀಳನ್ನು ಮುಚ್ಚಿ, "ಒಳಗೆ ಬ್ಲೇಡು ಇದೆ" ಎಂದು ಬರೆದು ಪೌರಕಾರ್ಮಿಕರಿಗೆ ಬೇರೆಯಾಗಿ, ಹೇಳಿ ಕೊಡಿ.

ಕನ್ನಡಿ

ಮಾಚೇನಹಳ್ಳಿಯ ಆ ಮನೆಯಲ್ಲಿ ಈಗ ನಾನು ರೇಜರ್ ಹಿಡಿಯುವುದಿಲ್ಲ. ನಾಲ್ಕನೇ ಸಲ ಹೋದಾಗ ಅವರು ಬಲಗೈ ಚಾಚಿ ರೇಜರ್ ಕೇಳಿದರು. ಅಮ್ಮ ಕನ್ನಡಿ ಹಿಡಿದರು. ಬಲ ಕೆನ್ನೆಯನ್ನು ಅವರೇ ತೆಗೆದುಕೊಂಡರು. ನಿಧಾನ ಆಯಿತು, ನೊರೆ ಅಂಗಿಯ ಮೇಲೆಲ್ಲ ಬಿತ್ತು. ಎಡಗಡೆಯನ್ನು ಅಮ್ಮ ಎಳೆದು ಹಿಡಿದು ಮಾಡಿದರು. ಬ್ಲೇಡು ಕಂಡರೆ ಭಯ ಅಂದವರು! "ಒತ್ಬೇಡ ಕಣೇ" ಅಂತ ಅವರು, "ಸುಮ್ನಿರಿ, ಅಲ್ಲಾಡ್ಬೇಡಿ" ಅಂತ ಇವರು.

ಆರೈಕೆ ಎಂದರೆ ರೋಗಿಗೆ ಎಲ್ಲವನ್ನೂ ನಾವೇ ಮಾಡಿಕೊಡುವುದು ಎಂದು ನಾನು ತಿಳಿದಿದ್ದೆ. ಅವರ ಕೈಲಾಗುವ ಅರ್ಧವನ್ನು ಅವರಿಗೇ ಬಿಟ್ಟು, ಉಳಿದರ್ಧಕ್ಕೆ ನಾವು ಕೈ ಕೊಡುವುದೇ ಸರಿಯಾದ ಆರೈಕೆ. ಪವಿತ್ರ ಗುರುವಾರ ಪಾದ ತೊಳೆಯುವ ಆಚರಣೆಯನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ನಿಮ್ಮ ಬೀದಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದವರು ಒಬ್ಬರಾದರೂ ಇರಬಹುದು. ಈ ತಿಂಗಳು ಒಂದು ಮಗ್ ಬೆಚ್ಚಗಿನ ನೀರು ತಗೊಂಡು ಅವರ ಮನೆಗೆ ಹೋಗಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಗಂಡಸರು ಎಷ್ಟು ಜನ? ಅವರ ಗಡ್ಡ ತೆಗೆಯುವವರು ಯಾರು?
2. ನಮ್ಮ ಮನೆಯಲ್ಲಿ ಒಂದೇ ರೇಜರನ್ನು ಎಷ್ಟು ಜನ ಬಳಸುತ್ತಿದ್ದಾರೆ? ಗಂಡ, ಮಗ ಮಾತ್ರ ಅಲ್ಲ, ಹೆಣ್ಣುಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕಿ.
3. ಹಳೆ ಬ್ಲೇಡುಗಳನ್ನು ಈವರೆಗೆ ಎಲ್ಲಿ ಬಿಸಾಡಿದ್ದೇವೆ? ಸಂಘದಿಂದ ಡಬ್ಬಿ ಮಾಡಿ ಮನೆಮನೆಗೆ ಕೊಡಬಹುದೇ?
4. ಮುಂದಿನ ಸಭೆಗೆ ಬಲೂನು, ಸೋಪು, ರೇಜರ್ ಯಾರು ತರುತ್ತೀರಿ?